ಸೀಬೆ ಎಲೆಯ ಪಥ್ಯ

ಟೆಕ್ಸಾಸ್‌ನಲ್ಲಿ ಸೀಬೆ ಮರ ಬೆಳೆಸುವುದು ಎಲ್ಲರ ಕೈಲಾಗುವ ಕೆಲಸವಲ್ಲ. ನನ್ನ ಕೈಲಾಗುತ್ತದೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ, ಜಂಬ ಪಡುವಷ್ಟು ಕಷ್ಟ ಅದರಲ್ಲಿದೆ. ಡ್ಯಾಲಸ್ ಕಡೆಯವರ ಗಿಡ ಮೊದಲ ಚಳಿಗೇ ಕಪ್ಪಾಗಿ ಹೋಗುತ್ತದೆ. ಆಸ್ಟಿನ್ ಕಡೆಯವರು ಕುಂಡದಲ್ಲಿ ಬೆಳೆಸಿ, ಚಳಿ ಬಂತೆಂದರೆ ಗಿಡವನ್ನು ಗರಾಜಿನೊಳಗೆ ತಳ್ಳಿ ಕಾರನ್ನು ಹೊರಗೆ ನಿಲ್ಲಿಸುತ್ತಾರೆ. ಹ್ಯೂಸ್ಟನ್‌ನ ನಮ್ಮ ಹಿತ್ತಲಿನಲ್ಲಿ ಮಾತ್ರ ಅದು ನೆಲಕ್ಕೇ ಬೇರು ಬಿಟ್ಟು ಬೇಲಿಗಿಂತ ಎತ್ತರಕ್ಕೆ ನಿಂತಿದೆ. ಚಳಿ ಜೋರಾಗುತ್ತದೆ ಎಂದು ಹವಾಮಾನದವರು ಹೇಳಿದ ದಿನ ಹಳೆಯ ಬೆಡ್‌ಶೀಟು, ನಮ್ಮ ಯಜಮಾನರ ಪಂಚೆ, ಕೈಗೆ ಸಿಕ್ಕಿದ್ದನ್ನೆಲ್ಲ ಅದಕ್ಕೆ ಸುತ್ತಿ, ಒಳಗೆ ದೀಪಾವಳಿಯ ಲೈಟಿನ ಸರ ಹೊತ್ತಿಸಿಡುತ್ತೇನೆ. ಒಂದು ವರ್ಷ ಸತ್ತೇಹೋಯಿತೆಂದು ಅತ್ತಿದ್ದೆ. ಬೇಸಿಗೆಯ ಹೊತ್ತಿಗೆ ಬುಡದಿಂದ ಮತ್ತೆ ಚಿಗುರಿತು.

ನಮ್ಮವರಿಗೆ ಹಣ್ಣಿಗಿಂತ ಅದರ ಎಲೆ ಬೇಕು. ಬಾಯಿಹುಣ್ಣಾದರೆ ಎರಡು ಎಳೆಯ ಎಲೆ, ಒಂದು ಕಲ್ಲುಪ್ಪು, ಬಾಯಲ್ಲಿಟ್ಟು ಅಗಿದು ಉಗಿಯಬೇಕು. ಹಲ್ಲುನೋವಿಗೆ ಬಲಿತ ಎಲೆ ಕುದಿಸಿ, ಲವಂಗ ಹಾಕಿ ಬಾಯಿ ಮುಕ್ಕಳಿಸಬೇಕು, ಆಮೇಲೆ ತೆಪ್ಪಗೆ ಡೆಂಟಿಸ್ಟ್ ಹತ್ತಿರ ಹೋಗಬೇಕು. ಹೊಟ್ಟೆ ಕೆಟ್ಟಿದ್ದರೆ ಚಿಗುರನ್ನು ಜೀರಿಗೆಯ ಜೊತೆ ಅರೆದು ಮಜ್ಜಿಗೆಯಲ್ಲಿ ಕಲಸಿ ಕುಡಿಯಬೇಕು. ಎಲ್ಲದರ ಗುಟ್ಟೂ ಒಂದೇ, ಒಗರು. ಒಗರಿಗೆ ಹಿಡಿದಿಡುವ ಗುಣವಿದೆ ಎಂದು ಆಯುರ್ವೇದ ಹೇಳುತ್ತದೆ. ಮೈಸೂರಿನಲ್ಲಿ ನಮ್ಮ ಅಜ್ಜಿ ಪುಸ್ತಕ ಓದದೆ ಅದನ್ನೇ ಹೇಳುತ್ತಿದ್ದರು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೀಳಬೇಕು, ಹೊತ್ತು ಮುಳುಗಿದ ಮೇಲೆ ಮರದ ಮೈ ಮುಟ್ಟಬಾರದು. ಈ ಎರಡು ಮಾತು ನಾನು ಇವತ್ತಿಗೂ ಮೀರಿಲ್ಲ.

ಹೀಗಾಗಿ ನನ್ನ ಎಲೆಗಳು ಊರೂರು ಸುತ್ತುತ್ತವೆ. ಯಾರಾದರೂ ವೀಕೆಂಡಿಗೆ ಡ್ಯಾಲಸ್‌ಗೆ ಡ್ರೈವ್ ಮಾಡುತ್ತಿದ್ದಾರೆ ಎಂದು ನಮ್ಮ ಕನ್ನಡದವರ ಗ್ರೂಪಿನಲ್ಲಿ ಗೊತ್ತಾದರೆ ಸಾಕು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ಅವರ ಕಾರಿನ ಹಿಂದಿನ ಸೀಟಿನಲ್ಲಿ ಕೂತಿರುತ್ತದೆ. ಡ್ಯಾಲಸ್ ಪಕ್ಕದ ಮರ್ಫಿಯಲ್ಲಿ ಒಬ್ಬರಿಗೆ ಕೆಮ್ಮಿಗೆ, ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ಒಬ್ಬಳಿಗೆ ಕೂದಲಿಗೆ. ಈ ಕೂದಲಿನ ಹುಚ್ಚು ಎಲ್ಲಿಂದ ಬಂತೋ ಕಾಣೆ. "ಆಂಟಿ, ತಿಂಗಳಾಯ್ತು ತೊಳೀತಾ ಇದೀನಿ, ಒಂದು ಕೂದಲೂ ಹೊಸದಾಗಿ ಬಂದಿಲ್ಲ" ಎಂದು ಆಕೆ ಫೋನ್ ಮಾಡಿದಾಗ, "ನಮ್ಮ ಮರಕ್ಕೇ ಚಳಿಗಾಲದಲ್ಲಿ ತಲೆ ಬೋಳಾಗುತ್ತಮ್ಮಾ, ಅದು ನಿನಗೇನು ಕೊಟ್ಟೀತು?" ಎಂದೆ. ಎಲೆ ಏನು ಮಾಡುತ್ತದೆಂದು ನನಗೆ ಗೊತ್ತು. ಏನು ಮಾಡುವುದಿಲ್ಲ ಎನ್ನುವುದು ಇನ್ನೂ ಚೆನ್ನಾಗಿ ಗೊತ್ತು. ಯಾರಿಗೆ ಕೊಟ್ಟರೂ ಒಂದು ಮಾತು ಹೇಳಿಯೇ ಕೊಡುತ್ತೇನೆ: ಇದು ಡಾಕ್ಟರ ಔಷಧಿಯ ಜೊತೆಗೆ, ಔಷಧಿಯ ಬದಲಿಗಲ್ಲ.

ಈ ಮಾತನ್ನು ಬೀಗರಿಗೂ ಹೇಳಿದ್ದೆ. ಬೀಗರೆಂದರೆ ನಮ್ಮ ಮಗಳ ಮಾವನವರು. ಮಗಳು, ಅಳಿಯ ಇಬ್ಬರೂ ಡ್ಯಾಲಸ್‌ನ ಉತ್ತರಕ್ಕೆ ಪ್ರಾಸ್ಪರ್‌ನಲ್ಲಿ ಮನೆ ಮಾಡಿದ್ದಾರೆ. ಬೀಗರದು ಹುಬ್ಬಳ್ಳಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಎತ್ತರದ ಆಳು, ಗಟ್ಟಿ ದನಿ. ಹಿಂದಿನ ಚಳಿಗಾಲದಲ್ಲಿ ಅವರ ಹೆಂಡತಿ ತೀರಿಕೊಂಡರು. ವರ್ಷದ ಕರ್ಮಗಳ ತನಕ ಕಾಯದೆ ಅಳಿಯ ಹೋಗಿ ಅಪ್ಪನನ್ನು ಕರೆದುಕೊಂಡು ಬಂದ. ಇರುವುದು ಒಬ್ಬನೇ ಮಗ.

ಬೀಗತನದಲ್ಲಿ ಹೆಣ್ಣಿನ ತಾಯಿಗೆ ಒಂದು ಅಂಕೆ ಇರುತ್ತದೆ. ಮೂವತ್ತು ವರ್ಷ ಟೆಕ್ಸಾಸ್‌ನಲ್ಲಿದ್ದರೂ ಅದು ಮೈಬಿಟ್ಟು ಹೋಗುವುದಿಲ್ಲ. ಬೀಗರು ಎದುರಿಗೆ ಬಂದರೆ, ಪ್ಯಾಂಟು ಹಾಕಿಕೊಂಡಿದ್ದರೂ ನನ್ನ ಕೈ ಸೆರಗು ಹುಡುಕುತ್ತದೆ. ಅವರು ಹೇಳಿದ್ದಕ್ಕೆ ಹೂಂ ಎನ್ನಬೇಕು, ಬಡಿಸಿದ್ದು ಸಾಲದೇನೋ ಎಂದು ಆತಂಕ ಪಡಬೇಕು. ಮಿಕ್ಕವರ ಹತ್ತಿರವೆಲ್ಲ ಪಟಪಟ ಮಾತಾಡುವ ನಾನು ಅವರ ಹತ್ತಿರ ಅಳೆದೂ ಸುರಿದೂ ಮಾತಾಡುತ್ತಿದ್ದೆ.

ಅವರು ಬಂದ ಹೊಸದರಲ್ಲಿ ಒಂದು ದಿನ ಫೋನ್ ಮಾಡಿದರು.

"ಬೀಗ್ತೇರ, ನಿಮ್ಮಲ್ಲಿ ಪೇರಲ ಗಿಡ ಅದಂತಲ್ರಿ. ಅದರ ಎಲಿ ಸಕ್ಕರಿ ಕಾಯಿಲಿಗೆ ಛಲೋ ಅಂತಾರ. ಒಂದಿಷ್ಟು ಕಳಸ್ರಿ."

ನಾವು ಸೀಬೆ ಎನ್ನುವುದು ಅವರಿಗೆ ಪೇರಲ. ಊಟವಾದ ಮೇಲೆ ಒಂದು ಲೋಟ ಎಲೆಯ ಕಷಾಯ ಕುಡಿಯುವ ರೂಢಿ ಎಷ್ಟೋ ಮನೆಗಳಲ್ಲಿದೆ. ಅದರಿಂದ ಸ್ವಲ್ಪ ನೆರವಾದೀತು ಎಂಬ ನಂಬಿಕೆ ನನಗೂ ಇದೆ. ಆದರೆ ಬೀಗರು ವರ್ಷಗಳಿಂದ ಇನ್ಸುಲಿನ್ ಚುಚ್ಚಿಕೊಳ್ಳುವವರು. "ಡಾಕ್ಟರಿಗೆ ಒಂದು ಮಾತು ಹೇಳಿ ಕುಡೀರಿ ಬೀಗರೇ. ಇನ್ಸುಲಿನ್ ಮಾತ್ರ ಬಿಡಬಾರದು" ಎಂದೆ. "ಹೂಂ ಬಿಡ್ರಿ" ಎಂದರು. ನಾನು ಆ ವಾರವೇ ಒಂದು ಕಟ್ಟು ಕಳಿಸಿದೆ. ಅಲ್ಲಿಂದ ಅದು ಪ್ರತಿ ವಾರದ ಪದ್ಧತಿಯಾಯಿತು.

ಜುಲೈ ತಿಂಗಳಲ್ಲಿ ಮಗಳು ಫೋನ್ ಮಾಡಿದಳು. ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಅರ್ಧಕ್ಕರ್ಧ ಇಂಗ್ಲಿಷು. ಅವಳ ಆತಂಕದ ಇಂಗ್ಲಿಷಿನಿಂದ ನಾನು ಹೆಕ್ಕಿಕೊಂಡ ವಿಷಯ ಇದು. ಬೀಗರು ದಿನಾ ಸಂಜೆ ಗಡಿಯಾರದಲ್ಲಿ ಆರು ಹೊಡೆದ ತಕ್ಷಣ ಸಂಧ್ಯಾವಂದನೆಗೆ ಹಿತ್ತಲಿಗೆ ಹೋಗುತ್ತಾರೆ. ಹುಬ್ಬಳ್ಳಿಯ ಆರು ಗಂಟೆಗೆ ಸೂರ್ಯ ಇಳಿದಿರುತ್ತಾನೆ. ಇಲ್ಲಿಯ ಜುಲೈನ ಆರು ಗಂಟೆಗೆ ಅವನು ಇನ್ನೂ ಮೇಲೆಯೇ ಉರಿಯುತ್ತಿರುತ್ತಾನೆ, ಮುಳುಗುವುದು ಎಂಟೂವರೆಗೆ. ಹೊಸ ಬಡಾವಣೆ, ಊರುಗೋಲಿಗೆ ಕಟ್ಟಿದ ಸಣ್ಣ ಸಸಿಗಳು, ಎಲ್ಲೂ ಒಂದು ಹಿಡಿ ನೆರಳಿಲ್ಲ. ಕಾದ ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ನಿಂತು ಇವರು ನಿಧಾನವಾಗಿ ಅರ್ಘ್ಯ ಬಿಟ್ಟಿದ್ದಾರೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರಿಂದ ಸುಟ್ಟದ್ದೇ ತಿಳಿದಿಲ್ಲ. ಹೆಬ್ಬೆರಳಿನ ಕೆಳಗೆ ಬೊಬ್ಬೆ ಎದ್ದು, ಒಡೆದು, ಕೀವಾಗಿ, ಸೊಸೆ ಕಾಲುಚೀಲದ ಕಲೆ ನೋಡಿದ ಮೇಲೆ ಮನೆಯವರಿಗೆ ಗೊತ್ತಾಗಿದೆ.

ಡಾಕ್ಟರು ಗಾಯ ಶುಚಿ ಮಾಡಿ, ಆ್ಯಂಟಿಬಯಾಟಿಕ್ ಕೊಟ್ಟು, ಒಂದು ಮಾತು ಖಡಾಖಂಡಿತವಾಗಿ ಹೇಳಿದ್ದರು. ರಕ್ತದಲ್ಲಿ ಸಕ್ಕರೆ ವಿಪರೀತ ಇದೆ. ಅದು ಬೇಗ ಇಳಿಯದಿದ್ದರೆ ಕೀವು ಮೂಳೆಗೆ ಹೋಗುತ್ತದೆ. ಮೂಳೆಗೆ ಹೋದರೆ ಬೆರಳು ತೆಗೆಯಬೇಕಾಗುತ್ತದೆ.

"ಇನ್ಸುಲಿನ್ ತಗೋತಿದಾರೇನೇ?"

"ಹೀ ಸೇಸ್ ಹೀ ಈಸ್, ಅಮ್ಮ. ಇನ್ಸುಲಿನ್ ಪೆನ್ನು ಖಾಲಿ ಆಗ್ತಾ ಇದೆ. ಆದ್ರೂ ಶುಗರ್ ಕಮ್ಮಿ ಆಗ್ತಿಲ್ಲ." ಆಮೇಲೆ ದನಿ ತಗ್ಗಿಸಿ ಹೇಳಿದಳು, "ಪ್ಲೀಸ್ ಕಮ್. ನಮ್ಮ ಮಾತು ಕೇಳಲ್ಲ. ಹೀ ಟ್ರಸ್ಟ್ಸ್ ಯುವರ್ ಲೀವ್ಸ್."

ಹೊರಡುವಾಗ ನಮ್ಮ ಯಜಮಾನರು ಕಾರಿನ ಬಾಗಿಲು ಹಿಡಿದು, "ಬೀಗರ ಮುಂದೆ ಬಾಯಿ ಸ್ವಲ್ಪ ಬಿಗಿ ಇರಲಿ ಕಣೇ" ಎಂದರು. ನಾನೇನೂ ಮಾತು ಕೊಡಲಿಲ್ಲ. ಎಲೆಯ ಡಬ್ಬಿಯನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಒಬ್ಬಳೇ ಡ್ಯಾಲಸ್ ದಾರಿ ಹಿಡಿದೆ.

ಪ್ರಾಸ್ಪರ್ ಮುಟ್ಟಿದಾಗ ಬೀಗರು ಸೋಫಾದಲ್ಲಿ ಕಾಲನ್ನು ದಿಂಬಿನ ಮೇಲಿಟ್ಟು ರಾಜನ ಹಾಗೆ ಕೂತಿದ್ದರು.

"ಬರ್ರಿ ಬರ್ರಿ ಬೀಗ್ತೇರ. ನಿಮ್ಮ ಎಲಿ ಏನ್ ಕೆಲಸ ಮಾಡ್ಯಾವ್ರಿ! ಇಷ್ಟ್ ದೊಡ್ಡ ಗಾಯ ಆಗೇದ, ಒಂಚೂರೂ ನೋವಿಲ್ಲ."

ನೋವು ಗೊತ್ತಾಗದಿರುವುದೇ ಅವರ ಕಾಯಿಲೆ. "ಎಲಿ ಕುದಿಸಿದ ನೀರಿನ್ಯಾಗ ಗಾಯಾನೂ ತೊಳಕೋತೀನ್ರಿ" ಎಂದು ಅವರು ಹೊರಟಾಗ, "ಬೇಡ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೆ ನನ್ನ ಎಲೆ ಮುಟ್ಟಿಸೋದಿಲ್ಲ. ಅದು ಡಾಕ್ಟರ ಕೆಲಸ" ಎಂದೆ. ದನಿ ಸ್ವಲ್ಪ ಏರಿತ್ತು. ಅವರು ಹುಬ್ಬೇರಿಸಿ ನೋಡಿದರು.

ಮಗಳು, ಅಳಿಯ ಔಷಧಿ ಅಂಗಡಿಗೆ ಹೋದ ಸಮಯ ನೋಡಿ ನಾನು ನೇರವಾಗಿ ಕೇಳಿದೆ.

"ಬೀಗರೇ, ನಿಜ ಹೇಳಿ. ಇನ್ಸುಲಿನ್ ತಗೋತಿದೀರಾ?"

ಅವರು ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದರು, "ನಿಮ್ಮ ಮುಂದ ಎದಕ್ಕ ಸುಳ್ಳು ಹೇಳ್ಲಿ? ಬಿಟ್ಟೇನ್ರಿ. ನಾಟಿ ಔಷಧ ನಡದಾಗ ಇಂಗ್ಲಿಷ್ ಔಷಧ ಕೂಡಸಬಾರ್ದಲ್ರಿ. ಅದ ದೊಡ್ಡ ಪಥ್ಯ. ಇದು ಹುಡುಗರಿಗೆ ತಿಳ್ಯೂದಿಲ್ಲ, ನಿಮಗ ತಿಳೀತದ."

ಈ ಪಥ್ಯದ ಕಥೆ ನನಗೆ ಹೊಸದಲ್ಲ. ನಮ್ಮಲ್ಲಿ ಎಷ್ಟು ಜನ ಓದಿದವರು ಈ ಒಂದು ಮಾತು ನಂಬಿ ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ ಬಿಟ್ಟು ಕೂತಿದ್ದಾರೋ. ಎಲೆ ಕುಡಿಯಲು ಶುರುಮಾಡಿದ ದಿನವೇ ಮಾತ್ರೆಯ ಡಬ್ಬಿಯನ್ನು ಕಪಾಟಿನ ಹಿಂದಕ್ಕೆ ತಳ್ಳುತ್ತಾರೆ. ಅದೂ ಯಾರಿಗೂ ಹೇಳದೆ, ದೊಡ್ಡ ವ್ರತ ಹಿಡಿದವರ ಹಾಗೆ. ನನಗೆ ಸಿಟ್ಟು ನೆತ್ತಿಗೇರಿತು. ಬೀಗತನದ ಅಂಕೆಯೆಲ್ಲ ಆ ಕ್ಷಣಕ್ಕೆ ಎಲ್ಲಿ ಹೋಯಿತೋ.

"ಬೀಗರೇ, ಎಲೆ ಯಾರದು?"

"ನಿಮ್ಮದ್ರಿ."

"ಔಷಧ ಕೊಟ್ಟೋರು ಯಾರು?"

"ನೀವ್ರಿ."

"ಔಷಧ ಕೊಟ್ಟೋರು ತಾನೇ ಪಥ್ಯ ಹೇಳೋದು? ನನ್ನ ಔಷಧಕ್ಕೆ ಪಥ್ಯ ಹೇಳೋಕೆ ನೀವ್ಯಾರು?"

ಜೀವಮಾನವೆಲ್ಲ ಹುಡುಗರಿಗೆ ಪ್ರಶ್ನೆ ಕೇಳಿದ ಮೇಷ್ಟ್ರು ಕಾಲಿನ ಕೆಳಗಿನ ದಿಂಬು ಸರಿಮಾಡಿಕೊಂಡರು. ನಾನು ನಿಲ್ಲಿಸಲಿಲ್ಲ. "ಸೂಜಿ ಮೊದಲು. ಊಟ ಆಮೇಲೆ. ಕಷಾಯ ಕೊನೇಲಿ. ಇದು ನನ್ನ ಪಥ್ಯ. ಸೂಜಿ ತಪ್ಪಿದ್ರೆ ನಮ್ಮ ಮರದ ಒಂದು ಎಲೇನೂ ಈ ಮನೆಗೆ ಬರಲ್ಲ."

"ಆತ್ರಿ," ಎಂದರು ಅವರು, "ನೀವ್ ಹೇಳಿದಂಗ."

ಆ ಸಂಜೆ ಊಟಕ್ಕೆ ಮುಂಚೆ ಅವರು ಇನ್ಸುಲಿನ್ ಪೆನ್ನು ತೆಗೆದುಕೊಂಡು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದು ನನಗೆ ತಲೆಯಾಡಿಸಿದರು. ನಾನು ಮಗಳ ಕಡೆ ನೋಡಿ ಗೆದ್ದೆ ಎನ್ನುವ ಹಾಗೆ ಹುಬ್ಬು ಹಾರಿಸಿದೆ. ನನ್ನ ಬಗ್ಗೆ ನನಗೆ ಬಹಳ ಸಂತೋಷವಾಗಿತ್ತು.

ಊಟವಾದ ಮೇಲೆ ಕೈ ತೊಳೆಯಲು ಅದೇ ಬಚ್ಚಲಿಗೆ ಹೋದೆ. ಬೇಸಿನ್ ಹತ್ತಿರ ಬಗ್ಗಿದೊಡನೆ ಮೂಗಿಗೆ ಒಂದು ಕಟು ವಾಸನೆ ಬಡಿಯಿತು, ಆಸ್ಪತ್ರೆಯ ನೆಲ ಒರೆಸುವ ಮದ್ದಿನಂಥದು. ನನ್ನ ಅಮ್ಮನಿಗೆ ಕೊನೆಯ ತನಕ ಇನ್ಸುಲಿನ್ ಚುಚ್ಚಿದವಳು ನಾನು. ಆ ವಾಸನೆಯನ್ನು ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ. ಬೀಗರು ಔಷಧವನ್ನು ಮೈಗೆ ಚುಚ್ಚಿಕೊಂಡಿರಲಿಲ್ಲ, ಬೇಸಿನ್‌ಗೆ ಬಿಟ್ಟಿದ್ದರು. ಪೆನ್ನುಗಳು ಖಾಲಿಯಾಗುತ್ತಿದ್ದದ್ದೂ, ಸಕ್ಕರೆ ಇಳಿಯದಿದ್ದದ್ದೂ ಒಟ್ಟಿಗೆ ಅರ್ಥವಾಯಿತು. ನನ್ನ ಪಥ್ಯಕ್ಕೂ ಅವರು ಬಗ್ಗಿಲ್ಲ ಎಂದರೆ ಕಾರಣ ಪಥ್ಯವಲ್ಲ, ಬೇರೆ ಏನೋ ಇದೆ.

ಮರುದಿನ ಬೆಳಿಗ್ಗೆ ಅವರು ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾಲಿಗೆ ಡಾಕ್ಟರು ಕೊಟ್ಟ ದಪ್ಪ ಚಪ್ಪಲಿ. ನಾನು ಕಾಫಿ ಕೈಗಿಟ್ಟು ಎದುರಿಗೇ ಕೂತೆ.

"ಬೀಗರೇ, ಇನ್ಸುಲಿನ್ ವಾಸನೆ ನನಗೆ ಗೊತ್ತು. ಯಾಕೆ ಚೆಲ್ತಿದೀರಿ?"

ಅವರು ಕಾಫಿ ಲೋಟವನ್ನು ಕುರ್ಚಿಯ ಪಕ್ಕಕ್ಕಿಟ್ಟರು. ಪಕ್ಕದ ಮನೆಯ ಸ್ಪ್ರಿಂಕ್ಲರ್ ಶುರುವಾಗಿ ನಿಂತಿತು. ಆಮೇಲೆ ಆ ಗಟ್ಟಿ ದನಿ ಎಲ್ಲೋ ಕೆಳಗಿನಿಂದ ಬಂತು.

"ಆಕಿ ಇದ್ದಾಗ ಆಕೀನ ಚುಚ್ಚತಿದ್ಲರಿ. ಇಷ್ಟ್ ವರ್ಷ ನಾ ಒಮ್ಮೆನೂ ಮುಟ್ಟಿಲ್ಲ, ನೋಡೂ ಇಲ್ಲ. ಪೇಪರ್ ಓದಕೋತ ಕೂಡತಿದ್ದೆ, ಆಕಿ ಬಂದು ಚುಚ್ಚಿ ಹೋಗತಿದ್ಲು. ಆಕಿ ಹ್ವಾದ ಮ್ಯಾಲ ಓಣ್ಯಾಗಿನ ಕಂಪೌಂಡರ್ ಬರ್ತಿದ್ದ. ಇಲ್ಲೆ ಬಂದ ಮ್ಯಾಲ..." ಅಲ್ಲಿಗೆ ನಿಲ್ಲಿಸಿ ತಮ್ಮ ಎರಡೂ ಕೈ ನೋಡಿಕೊಂಡರು. "ಸೂಜಿ ಹಿಡದ್ರ ಕೈ ನಡಗತಾವ್ರಿ. ಸೂಜಿಗೆ ಅಂಜಿ ಅಲ್ಲ. ಈ ಕೆಲಸ ನಾ ಮಾಡಕೊಂಡೆ ಅಂದ್ರ ಆಕಿ ಇನ್ನ ಬರೂದಿಲ್ಲ ಅಂತ ನಾನ ಒಪ್ಪಿಕೊಂಡಂಗ ಆಗ್ತದ."

ನನಗೆ ಅಳು ಬಂತು. ಬೀಗರ ಎದುರಿಗೆ ಅಳಬಾರದು ಎಂದು ತುಟಿ ಕಚ್ಚಿಕೊಂಡೆ.

"ಮಗನಿಗೆ ಹೇಳಬೋದಿತ್ತಲ್ಲ?"

"ಏನಂತ ಹೇಳ್ಲಿ? ನಿಮ್ಮಪ್ಪಗ ಒಂದು ಸೂಜಿ ಚುಚ್ಚಿಕೊಳ್ಳಾಕ ಬರೂದಿಲ್ಲ ಅಂತನ? ಅಂವಗ ಹೇಳಬ್ಯಾಡ್ರಿ ಬೀಗ್ತೇರ. ನಿಮ್ಮ ಕೈ ಮುಗೀತೀನಿ."

ಕೈಮುಗಿಯಲು ಬಂದ ಅವರನ್ನು ತಡೆದೆ. ಯಾರು ಚುಚ್ಚಬೇಕು ಎಂದು ಕೂತಲ್ಲೇ ಯೋಚಿಸಿದೆ. ನಾನು ಚುಚ್ಚಬಲ್ಲೆ, ಆದರೆ ಬೀಗತಿಯ ಮುಂದೆ ಅವರು ಹೊಟ್ಟೆ ತೋರಿಸುವವರಲ್ಲ. ಸೊಸೆಯ ಮುಂದೆಯಂತೂ ಇಲ್ಲವೇ ಇಲ್ಲ. ಉಳಿದವನು ಮಗ. ಮಗನಿಗೆ ಹೇಳಿದರೆ ಇವರ ಮಾನ ಹೋಗುತ್ತದೆ, ಹೇಳದಿದ್ದರೆ ಬೆರಳು ಹೋಗುತ್ತದೆ. ಎರಡೂ ಉಳಿಯಬೇಕಾದರೆ ದಾರಿ ಒಂದೇ ಇತ್ತು, ಮತ್ತು ಅದು ನನ್ನ ಕೈಯಲ್ಲೇ ಇತ್ತು. ಪಥ್ಯ ಹೇಳುವ ಅಧಿಕಾರವನ್ನು ಹಿಂದಿನ ದಿನವೇ ಗೆದ್ದುಕೊಂಡಿದ್ದೆನಲ್ಲ.

ತಿಂಡಿಗೆ ಎಲ್ಲರೂ ಕೂತಾಗ ಗಂಭೀರವಾಗಿ ಗಂಟಲು ಸರಿಮಾಡಿಕೊಂಡೆ.

"ಒಂದು ಮಾತು ಹೇಳೋದು ಮರೆತಿದ್ದೆ. ಈ ಎಲೆಯ ಔಷಧ ಸಕ್ಕರೆ ಕಾಯಿಲೆಗೆ ಹತ್ತಬೇಕಾದ್ರೆ ಒಂದು ಪಥ್ಯ ಇದೆ. ಸೂಜಿಯನ್ನ ರೋಗಿ ತಾನೇ ಚುಚ್ಚಿಕೋಬಾರ್ದು. ಮಗನ ಕೈಯಿಂದ್ಲೇ ಆಗ್ಬೇಕು."

ಮಗಳ ಚಮಚ ಬಾಯಿಯ ಹತ್ತಿರ ನಿಂತಿತು. "ಅಮ್ಮಾ, ಈಸ್ ದಟ್ ರಿಯಲ್?"

"ಆಯುರ್ವೇದ ಅಂದ್ರೆ ಏನಂದ್ಕೊಂಡಿದೀಯ?" ಎಂದು ಗದರಿದೆ. ಯಾವ ಗ್ರಂಥದಲ್ಲೂ ಅಂಥದೊಂದು ಮಾತಿಲ್ಲ. ಇಡೀ ಆಯುರ್ವೇದದ ಹೆಸರಿನಲ್ಲಿ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದ್ದೇನೆ, ಮತ್ತೆ ಬೇಕಾದರೆ ಮತ್ತೆ ಹೇಳುತ್ತೇನೆ.

ಅಳಿಯ ಕಂಪ್ಯೂಟರ್ ಕೆಲಸದವನು, ಕಾರಣ ಕೇಳದೆ ಏನನ್ನೂ ಒಪ್ಪುವವನಲ್ಲ. ನನ್ನನ್ನು ನೋಡಿದ. ಅಪ್ಪನನ್ನು ನೋಡಿದ. ಅಪ್ಪ ತಟ್ಟೆ ನೋಡುತ್ತಿದ್ದರು. "ಆತು ಅತ್ತಿ. ಹೆಂಗ ಮಾಡ್ಬೇಕು ಅಂತ ತೋರಸ್ರಿ" ಎಂದ.

ಪೆನ್ನಿಗೆ ಹೊಸ ಸೂಜಿ ಹಾಕುವುದು, ಎರಡು ಹನಿ ಹೊರಗೆ ಬಿಟ್ಟು ನೋಡುವುದು, ಡಾಕ್ಟರು ಬರೆದಷ್ಟಕ್ಕೆ ತಿರುಗಿಸುವುದು, ಚುಚ್ಚಿ ಸ್ವಲ್ಪ ಹೊತ್ತು ಹಾಗೇ ಹಿಡಿಯುವುದು, ಎಲ್ಲವನ್ನೂ ತೋರಿಸಿದೆ. ಮಗಳನ್ನು ಕರೆದುಕೊಂಡು ಅಡುಗೆಮನೆಗೆ ಹೋಗಿ ಗೋಡೆಯ ಈ ಕಡೆ ನಿಂತೆ. ಬೀಗರು ಹಟ ಹಿಡಿದು ಪೇಪರು ಬೇಕೆಂದು ಕೇಳಿದರು. ಆ ಮನೆಗೆ ಪೇಪರು ಎಲ್ಲಿಂದ ಬರಬೇಕು? ಕೊನೆಗೆ ಯಾವುದೋ ಅಂಗಡಿಯ ಜಾಹೀರಾತಿನ ಹಾಳೆಯನ್ನೇ ಮುಖಕ್ಕೆ ಅಡ್ಡ ಹಿಡಿದುಕೊಂಡರು.

"ನೋವಾತೇನ್ ಅಪ್ಪಾ?" ಅಳಿಯನ ದನಿ ಕೇಳಿತು.

"ಇಲ್ಲೋ ತಮ್ಮಾ. ನಿಮ್ಮವ್ವನ ಕೈಗಿಂತ ಹಗೂರ ಅದ ನಿನ್ನ ಕೈ."

ಗುಟ್ಟು ತಾವೇ ಬಿಟ್ಟುಕೊಟ್ಟದ್ದು ಆಡಿದ ಮೇಲೆ ಅವರಿಗೆ ತಿಳಿದಿರಬೇಕು. ಹಾಳೆಯ ಸದ್ದು ನಿಂತಿತು. ನಾನು ಇಣುಕಿ ನೋಡಿದೆ, ನೋಡದೆ ಇರಲು ಆಗಲಿಲ್ಲ. ಅಳಿಯ ಪೆನ್ನು ಹಿಡಿದುಕೊಂಡೇ ನಿಂತಿದ್ದ. ಇಷ್ಟು ವರ್ಷ ಯಾರು ಚುಚ್ಚುತ್ತಿದ್ದರು, ಇಲ್ಲಿಗೆ ಬಂದ ಮೇಲೆ ಯಾಕೆ ಯಾರೂ ಚುಚ್ಚಲಿಲ್ಲ, ಎರಡೂ ಅವನಿಗೆ ಅರ್ಥವಾಗಿತ್ತು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಪ್ಪನ ಅಂಗಿಯನ್ನು ಕೆಳಗೆಳೆದು ಸರಿಮಾಡಿ, "ಅತ್ತಿ, ಅಪ್ಪಗ ತಿಂಡಿ ಕೊಡ್ರಿ, ಪಥ್ಯ ತಪ್ಪಬಾರದು" ಎಂದ.

ನಾನು ಆ ವಾರ ಅಲ್ಲೇ ಇದ್ದೆ. ಸಕ್ಕರೆ ಒಂದೇ ಸಲ ಇಳಿಯಲಿಲ್ಲ, ಆದರೆ ಇಳಿಯತೊಡಗಿತು. ಡಾಕ್ಟರು ಬೆರಳನ್ನು ಪ್ರತಿ ಸಲ ಒತ್ತಿ, ಮೂಸಿ, ಫೋಟೋ ತೆಗೆದು ನೋಡುತ್ತಿದ್ದರು. ಕಷಾಯದ ವಿಷಯವನ್ನು ನಾನೇ ಅವರಿಗೆ ಹೇಳಿದೆ. ಕುಡಿಯಲಿ, ಆದರೆ ಸಕ್ಕರೆ ಎಷ್ಟಿದೆ ಎಂದು ದಿನಾ ನೋಡುತ್ತಿರಿ ಎಂದರು. ಅಷ್ಟು ಸಾಕಿತ್ತು ನನಗೆ. ಸತ್ತ ಚರ್ಮ ಉದುರಿತು. ಅದರ ಕೆಳಗೆ ಗುಲಾಬಿ ಬಣ್ಣದ ಹೊಸ ಮಾಂಸ ಮೆಲ್ಲಗೆ ಕೂಡಿಕೊಂಡು ಬಂತು.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ನಾನು ಮರದ ಕೆಳಗಿದ್ದಾಗ ಬೀಗರ ಫೋನ್ ಬಂತು. ಸ್ಪೀಕರಿನಲ್ಲಿತ್ತು, ಅಡುಗೆಮನೆಯ ಸದ್ದೆಲ್ಲ ಕೇಳುತ್ತಿತ್ತು.

"ಬೀಗ್ತೇರ, ಡಾಕ್ಟರ್ ಗಾಯ ಮಾದೇತಿ ಅಂದಾರ್ರಿ. ಬೆರಳ ಉಳೀತು. ಇನ್ನ ಬರೂ ಅವಶ್ಯ ಇಲ್ಲ ಅಂದಾರ."

ನನ್ನ ಹೊಟ್ಟೆ ತಣ್ಣಗಾಯಿತು. ಹಾಗಂತಲೇ ಹೇಳಿದೆ. ಅವರು ಸ್ವಲ್ಪ ತಡೆದು, ಈಗ ತಾವೇ ಚುಚ್ಚಿಕೊಳ್ಳುವುದು ಕಲಿಯಬಹುದು, ಹುಡುಗನಿಗೆ ದಿನಾ ಕೆಲಸಕ್ಕೆ ತಡವಾಗುತ್ತದೆ ಎಂದರು.

"ಹಂಗಂದ್ರ ಪಥ್ಯ ಮುಗೀತೇನ್ರಿ, ಬೀಗ್ತೇರ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಳಿಯನ ದನಿ ಬಂತು.

"ಅತ್ತಿ, ಮುಗೀತು ಅಂತ ಹೇಳಬ್ಯಾಡ್ರಿ."

"ಇಲ್ಲ ಬೀಗರೇ," ಎಂದೆ, "ಈ ಪಥ್ಯ ಮುಗಿಯೋದಲ್ಲ."